ಮೈಕು ಆಫ್ ಮಾಡಿ, ಹೇಳ್ತೀನಿ

ಮೈಸೂರಿನವರಿಗೆ ಹೊಸದು ಅಂತ ಏನನ್ನೂ ತೋರಿಸಬಾರದು ಸ್ವಾಮಿ. "ಅದು ನಮ್ಮಲ್ಲಿ ಮಹಾರಾಜರ ಕಾಲದಲ್ಲೇ ಇತ್ತಲ್ಲ" ಅಂದುಬಿಡುತ್ತಾರೆ. ಹೊಟ್ಟೆ ಉರಿಯುವುದು ಯಾಕೆಂದರೆ, ಎಷ್ಟೋ ಸಲ ಅದು ನಿಜವಾಗಿಯೂ ಇದ್ದಿರುತ್ತದೆ. ಬಡಾವಣೆಯ ನೀರು, ಮೋರಿ, ಬೀದಿದೀಪದ ಬಗ್ಗೆ ಮಾತಾಡಲಿಕ್ಕೆ ಮನೆಯ ಹಿಂದಿನ ಕೋಣೆಯಿಂದ ವಾರಕ್ಕೊಂದು ಗಂಟೆ ಇಂಟರ್‌ನೆಟ್ ರೇಡಿಯೊ ನಡೆಸುತ್ತೇನೆ ಅಂತ ಹೇಳಿದಾಗ, ಕಾಫಿಗೆ ಬಂದಿದ್ದ ಹಿರಿಯರೊಬ್ಬರು ಲೋಟ ಕೆಳಗಿಡದೆ ಕೇಳಿದರು: "ಮನೆಯಿಂದ ರೇಡಿಯೊನಾ? ಗೋಪಾಲಸ್ವಾಮಿಗಳು ಮೂವತ್ತೈದರಲ್ಲೇ ಮಾಡಿದ್ರಲ್ಲಯ್ಯಾ!"

ಮಾಡಿದ್ದರು, ನಿಜ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದಲೇ ಪ್ರಸಾರ ಶುರು ಮಾಡಿದರು. ಯಂತ್ರದ ಶಕ್ತಿ 30 ವಾಟ್. ನಮ್ಮ ಬಚ್ಚಲುಮನೆಯ ಹಳೇ ಬಲ್ಬೇ ನಲವತ್ತು. ಅದಕ್ಕೆ ‘ಆಕಾಶವಾಣಿ’ ಅಂತ ಹೆಸರಾಯಿತು. ಮುಂದೆ ಇಡೀ ದೇಶವೇ ಆ ಹೆಸರನ್ನು ಎತ್ತಿಕೊಂಡಿತು. 1942ರಲ್ಲಿ ಸಂಸ್ಥಾನ ಆ ನಿಲಯವನ್ನು ವಹಿಸಿಕೊಂಡಿತು. ಇಷ್ಟು ಊರಿಗೆಲ್ಲ ಗೊತ್ತು. ಆದರೆ ರೇಡಿಯೊ ಮಾಡಿದ್ದು ಭೌತಶಾಸ್ತ್ರದ ಮೇಷ್ಟ್ರಲ್ಲ, ಮನಶ್ಶಾಸ್ತ್ರದ ಮೇಷ್ಟ್ರು ಅನ್ನುವುದರ ಒಳಮರ್ಮ ಬಡಾವಣೆಯ ರೇಡಿಯೊ ನಡೆಸಿದವನಿಗೆ ಮಾತ್ರ ತಿಳಿದೀತು. ಯಂತ್ರದ ಕೆಲಸ ಒಂದು ಬೆಳಗಿನದು. ಮಿಕ್ಕಿದ್ದೆಲ್ಲ ಮನಸ್ಸಿನ ಕೆಲಸ.

ಯಂತ್ರದ ಮಾತು ಬೇಗ ಮುಗಿಸೋಣ. ಎಫ್‌ಎಂನಲ್ಲಿ ಬರುವ ಸಮುದಾಯ ರೇಡಿಯೊ ಬೇಕೆಂದರೆ ಸರ್ಕಾರದ ಪರವಾನಗಿ ಬೇಕು. ನಾನು, ನೀವು ಒಂಟಿಯಾಗಿ ಕೇಳಿದರೆ ಕೊಡುವುದಿಲ್ಲ. ಸಂಘಸಂಸ್ಥೆಯಾದರೆ ನೋಂದಣಿಯಾಗಿ ಮೂರು ವರ್ಷವಾದರೂ ಆಗಿರಬೇಕು. ಶಕ್ತಿ ಸಾಮಾನ್ಯವಾಗಿ 100 ವಾಟ್ ಮೀರಬಾರದು. ಸುದ್ದಿ ಹಾಕುವುದಾದರೆ ಆಕಾಶವಾಣಿಯ ಸುದ್ದಿಯನ್ನೇ ಹಾಕಬೇಕು. ವಾಯುತರಂಗ ಸಾರ್ವಜನಿಕರ ಆಸ್ತಿ ಅಂತ ಸುಪ್ರೀಂ ಕೋರ್ಟು ಹೇಳಿದ್ದು 1995ರಲ್ಲಿ. ಸಂಘಸಂಸ್ಥೆಗಳಿಗೆ ಬಾಗಿಲು ತೆರೆದದ್ದು 2006ರಲ್ಲಿ. ಕೋಲಾರ ಜಿಲ್ಲೆಯ ಬೂದಿಕೋಟೆಯವರು ಅಲ್ಲಿಯವರೆಗೆ ಕೈಕಟ್ಟಿ ಕೂರಲಿಲ್ಲ. ಹೈದರಾಲಿ ಹುಟ್ಟಿದ ಊರು, ಸುಮ್ಮನೆ ಕೂರುವುದುಂಟೇ! ಗಾಳಿಯಲ್ಲಿ ಬಿಡಬಾರದು ತಾನೆ, ಟಿವಿ ಕೇಬಲ್ಲಿನಲ್ಲಿ ಬಿಡುತ್ತೇವೆ ಅಂತ ‘ನಮ್ಮ ಧ್ವನಿ’ಯನ್ನು ತಂತಿಯ ಮೇಲೆ ಮನೆಮನೆಗೆ ಕಳಿಸಿದರು. ಇಂಟರ್‌ನೆಟ್ ರೇಡಿಯೊ ಅದೇ ಬುದ್ಧಿಯ ಮೊಮ್ಮಗ. ಒಂದು ಲ್ಯಾಪ್‌ಟಾಪು, ಒಂದು ಮೈಕು, ಐಸ್‌ಕಾಸ್ಟ್ ಅನ್ನುವ ಪುಕ್ಕಟೆ ತಂತ್ರಾಂಶ, ಬಾಡಿಗೆಗೊಂದು ಸರ್ವರ್ರು. 64 ಕೆಬಿಪಿಎಸ್‌ನಲ್ಲಿ ಬಿಟ್ಟರೆ ಕೇಳುವವರ ಜೇಬಿನಿಂದ ಗಂಟೆಗೆ 29 ಎಂಬಿ ಡೇಟಾ ಹೋಗುತ್ತದೆ, ಅಷ್ಟೆ. ಕೋಣೆಯಲ್ಲಿ ದನಿ ಗುಂಯ್ ಅನ್ನದಿರಲಿ ಅಂತ ಬೀರುವಿನ ಬಾಗಿಲು ತೆರೆದಿಟ್ಟು ಸೀರೆಗಳ ಮುಂದೆ ಮಾತಾಡುತ್ತೇನೆ. "ರೀ, ಮದುವೆ ಸೀರೆ ಎದುರಿಗೆ ಯುಜಿಡಿ ಮಾತು ಬೇಡ" ಅಂತ ಮನೆಯಾಕೆಯ ತಕರಾರು. ಒಳಚರಂಡಿಯ ವಾರ ಮಾತ್ರ ಹಾಸಿಗೆ ಎತ್ತಿ ನಿಲ್ಲಿಸಿಕೊಳ್ಳುತ್ತೇನೆ.

ಈಗ ಮನಸ್ಸಿನ ಕೆಲಸಕ್ಕೆ ಬನ್ನಿ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಿಗ್ಗೆ ವಾಕಿಂಗ್ ಬರುವವರ ಮಾತು ಕೇಳಿದ್ದೀರಾ? ಅಮೆರಿಕದ ಅಧ್ಯಕ್ಷರಿಗೆ ಬುದ್ಧಿವಾದ, ರಷ್ಯಾದವರಿಗೆ ಎಚ್ಚರಿಕೆ, ದೆಹಲಿಗೆ ಛೀಮಾರಿ. ಎರಡನೇ ಸುತ್ತಿಗೆ ಬೆಂಗಳೂರು ಬರುತ್ತದೆ. ಅಲ್ಲೂ ದನಿ ಗಟ್ಟಿಯಾಗೇ ಇರುತ್ತದೆ. ಮೂರನೇ ಸುತ್ತಿಗೆ ದೇವರಾಜ ಮಾರುಕಟ್ಟೆ. 2012ರಲ್ಲಿ ಅದರ ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿಯಿತು, 2016ರಲ್ಲಿ ಮಾರುಕಟ್ಟೆಯ ಒಂದು ಭಾಗ ಬಿತ್ತು. ಅಂದಿನಿಂದ ಕೆಡವಿ ಕಟ್ಟಬೇಕು ಅನ್ನುವವರು ಒಂದು ಪಕ್ಷ, ರಿಪೇರಿ ಮಾಡಿ ಉಳಿಸಬೇಕು ಅನ್ನುವವರು ಇನ್ನೊಂದು. ಎರಡೂ ಕಡೆಯವರು ನನ್ನ ಮೈಕಿನ ಮುಂದೆ ಕೂತು ಸುಣ್ಣ, ಗಾರೆ, ಪರಂಪರೆ ಅಂತ ನಿರರ್ಗಳವಾಗಿ ಮಾತಾಡಿದ್ದಾರೆ. ಆದರೆ ಕೊನೆಗೆ ಸುಮ್ಮನೆ ಹೀಗೆ ಕೇಳಿ ನೋಡಿ: "ರಾಯರೇ, ನಿಮ್ಮ ಮನೆ ಹಿಂದಿನ ಕನ್ಸರ್ವೆನ್ಸಿ ಗಲ್ಲಿಯನ್ನು ಯಾರೋ ಶೀಟು ಹೊದಿಸಿ ಸ್ಕೂಟರ್ ಶೆಡ್ಡು ಮಾಡ್ಕೊಂಡಿದ್ದಾರಂತೆ?" ಪರಂಪರೆಯ ರಾಯರು ಒಮ್ಮೆ ಕಿಟಕಿ ಕಡೆ, ಒಮ್ಮೆ ಮೈಕಿನ ಕಡೆ ನೋಡುತ್ತಾರೆ. "ಅದು... ಮೈಕು ಆಫ್ ಮಾಡಿ, ಹೇಳ್ತೀನಿ."

ಆಫ್ ಮಾಡಿದ ಮೇಲೆ ನೋಡಬೇಕು! ಯಾರ ಶೆಡ್ಡು, ಯಾವ ವರ್ಷದ್ದು, ಕಟ್ಟುವಾಗ ಯಾರಿಗೆ ಏನು ಕೊಟ್ಟರು, ಅವರ ಮಗಳ ಮದುವೆ ಯಾಕೆ ಮುರಿಯಿತು, ಎಲ್ಲ ಬರುತ್ತದೆ. ನನ್ನ ಕಾರ್ಯಕ್ರಮದ ಅತ್ಯುತ್ತಮ ಕಂತುಗಳು ಇದುವರೆಗೆ ಪ್ರಸಾರವೇ ಆಗಿಲ್ಲ.

ಹಾಗಾಗಿ ನಾನೊಂದು ನಿಯಮ ಕಂಡುಕೊಂಡಿದ್ದೇನೆ. ವಿಷಯ ನಮ್ಮ ಗೇಟಿನಿಂದ ಎಷ್ಟು ದೂರವೋ, ನಮ್ಮ ಧೈರ್ಯ ಅಷ್ಟು. ಈ ಲೆಕ್ಕದಲ್ಲಿ ಅತಿ ಧೈರ್ಯಶಾಲಿಗಳು ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ಬಡಾವಣೆಯ ಮಕ್ಕಳು. ಇಲ್ಲಿ ಭಾನುವಾರ ಸಂಜೆ ಏಳಾದರೆ ಅಲ್ಲಿ ಬೇಸಿಗೆಯಲ್ಲಿ ಬೆಳಗಿನ ಆರೂವರೆ, ಚಳಿಗಾಲದಲ್ಲಿ ಐದೂವರೆ. ರಜೆಯ ದಿನ ಅಷ್ಟು ಹೊತ್ತಿಗೆ ಎದ್ದು, ನಮ್ಮ ಮೂರನೇ ಕ್ರಾಸಿನ ಮ್ಯಾನ್‌ಹೋಲ್ ಉಕ್ಕಿದ್ದಕ್ಕೆ ಕಣ್ಣೀರು ಹಾಕಿ, "ಹೆಸರು ಹಾಕಿಯೇ ಓದಿ ಸಾರ್, ಹೆದರೋ ಪ್ರಶ್ನೆಯೇ ಇಲ್ಲ" ಅಂತ ಸಂದೇಶ ಕಳಿಸುತ್ತಾರೆ. ಅವರ ಅಪ್ಪ ಅದೇ ಮೂರನೇ ಕ್ರಾಸಿನಿಂದ ಐದು ನಿಮಿಷದಲ್ಲಿ ಫೋನು ಮಾಡುತ್ತಾರೆ: "ಅವನ ಹೆಸರು ಓದಬೇಡಿ, ನಾವಿಲ್ಲಿ ಇರಬೇಕಲ್ಲ."

ಫೋನು ಅಂದೆನಲ್ಲ, ಅದೊಂದು ಪ್ರತ್ಯೇಕ ಪುರಾಣ. ಇಂಟರ್‌ನೆಟ್ ಪ್ರಸಾರ ಮೈಕಿನಿಂದ ಹೊರಟು ಕೇಳುಗರ ಕಿವಿ ಮುಟ್ಟಲು ಅರ್ಧ ನಿಮಿಷ ಹಿಡಿಯುವುದೂ ಉಂಟು. ಫೋನು ಮಾಡುವವರು ಮನೆಯಲ್ಲಿ ನಮ್ಮ ಕಾರ್ಯಕ್ರಮವನ್ನು ಜೋರಾಗಿ ಹಾಕಿಕೊಂಡೇ ಮಾತಾಡುತ್ತಾರೆ. "ನಮ್ಮ ಬೀದೀಲಿ ದೀಪ ಇಲ್ಲ" ಅಂತ ಅಂದು ಮುಗಿಸಿ ನನ್ನ ಉತ್ತರ ಕೇಳುತ್ತಿರುವಾಗ, ಹಿಂದಿನಿಂದ ಯಾರೋ "ನಮ್ಮ ಬೀದೀಲಿ ದೀಪ ಇಲ್ಲ" ಅನ್ನುತ್ತಾರೆ. "ನೋಡಿ ಸಾರ್, ಇನ್ನೊಬ್ಬರೂ ಅದೇ ಹೇಳ್ತಿದ್ದಾರೆ!" ಅಂತ ಇವರಿಗೆ ಹುರುಪು ಬರುತ್ತದೆ. ಒಬ್ಬ ತಾಯಿಯಂತೂ ತಮ್ಮದೇ ದನಿಗೆ "ಹೌದು ಕಣಮ್ಮ, ನಿಜ ಕಣಮ್ಮ" ಅಂತ ಸಮಾಧಾನ ಹೇಳಿದರು. ಬಡಾವಣೆಯಲ್ಲಿ ಪರಸ್ಪರ ಬೆಂಬಲ ಇಷ್ಟರ ಮಟ್ಟಿಗೆ ಸಿಕ್ಕಿದ್ದು ಅದೊಂದೇ ಸಲ.

ಇನ್ನು ಅತಿಥಿಗಳು. ಪಾಲಿಕೆಯ 65 ವಾರ್ಡುಗಳ ಸದಸ್ಯರ ಅವಧಿ 2023ರ ನವೆಂಬರಿನಲ್ಲಿ ಮುಗಿಯಿತು. ಆಮೇಲೆ ನನ್ನ ಕೋಣೆಗೆ ಬಂದ ಜನಪ್ರತಿನಿಧಿಗಳೆಲ್ಲ ‘ಮಾಜಿ’ಗಳೇ. ಮಾಜಿಗಳಂಥ ಅತಿಥಿಗಳು ಇನ್ನಿಲ್ಲ ಬಿಡಿ. ಕರೆದ ಹೊತ್ತಿಗೆ ಬರುತ್ತಾರೆ, ಕೊಟ್ಟ ಕಾಫಿ ಕುಡಿಯುತ್ತಾರೆ, ಎಲ್ಲ ಸಮಸ್ಯೆಗೂ ಪರಿಹಾರ ಗೊತ್ತಿರುತ್ತದೆ. ಅಧಿಕಾರಿಗಳು ಬರುವುದಿಲ್ಲ, "ಮೇಲಿನವರ ಅನುಮತಿ ಬೇಕು" ಅನ್ನುತ್ತಾರೆ. ಸೈಟಿನ ವಿಷಯ ಎತ್ತಿದರೆ, ಈ ಊರಿನಲ್ಲಿ, ಮೈಕು ತಾನಾಗಿಯೇ ಆಫ್ ಆಗುತ್ತದೆ. ಅದರ ಬಗ್ಗೆ ಇಲ್ಲೂ ಇಷ್ಟೇ.

ಹೀಗಿರುವಾಗ, ಕೆಳಗಿನ ಬೀದಿಗಳಿಗೆ ನೀರು ಹತ್ತದೆ ಹೋದ ಒಂದು ಬೇಸಿಗೆಯಲ್ಲಿ ಕರೆದದ್ದು ನಮ್ಮ ನೀರು ಬಿಡುವ ವಾಲ್ವ್‌ಮನ್ನನ್ನು. ಬೆಳಗಿನ ನಾಲ್ಕಕ್ಕೆ ಸೈಕಲ್ಲಿನಲ್ಲಿ ಉದ್ದದ ಕೀಲಿ ಹಿಡಿದು ಬರುವ, ಯಾವ ಬೀದಿಗೆ ಎಷ್ಟು ಸುತ್ತು ತಿರುಗಿಸಬೇಕು ಅನ್ನುವುದು ಕೈಯಲ್ಲೇ ನೆನಪಿರುವ ಮನುಷ್ಯ. ಬಡಾವಣೆಯಲ್ಲಿ ಅವನಿಗಿಂತ ದೊಡ್ಡ ಅಧಿಕಾರ ಯಾರಿಗೂ ಇಲ್ಲ. "ನಂಗ್ಯಾಕ್ ಸಾ ಮೈಕು" ಅಂತ ನಾಚಿಕೊಂಡ. ಬಲವಂತಕ್ಕೆ ಕೂತು ಎರಡು ಮಾತಾಡಿದ. ಮೈಕು ಆಫ್ ಆದ ಮೇಲೆ ಅಸಲು ಮಾತು ಬಂತು: "ನಾ ಬಿಡೋದು ಸರ್‍ಯಾಗೇ ಬಿಡ್ತೀನಿ ಸಾ. ಮೇಲಿನ ಬೀದಿಯವ್ರು ನಲ್ಲಿ ಪೈಪಿಗೇ ಮೋಟ್ರು ಹಾಕಿ ಎಳ್ಕತಾರೆ. ಹೋದ ವಾರ ನಿಮ್ ಪ್ರೋಗ್ರಾಮಲ್ಲಿ ನೀರಿಲ್ಲ ಅಂತ ಅಳ್ತಿದ್ರಲ್ಲ, ಅವ್ರ ಮನೇಲೂ ಅದೇಯ." ಎಷ್ಟು ಮನೆ, ಯಾರ್‍ಯಾರು ಅಂತ ಎಷ್ಟು ಕೇಳಿದರೂ ಹೇಳಲಿಲ್ಲ. ಅವನಿಗೂ ಒಂದು ಗೇಟಿದೆಯಲ್ಲ.

ಮುಂದಿನ ಭಾನುವಾರ ಕಾರ್ಯಕ್ರಮ ಮುಗಿಸುವಾಗ ಒಂದೇ ಸಾಲು ಸೇರಿಸಿದೆ: "ನಲ್ಲಿ ಪೈಪಿಗೆ ನೇರವಾಗಿ ಮೋಟಾರ್ ಜೋಡಿಸಿಕೊಂಡಿರುವ ಮನೆಗಳ ಪಟ್ಟಿಯನ್ನು ಬರುವ ವಾರ ಓದಲಾಗುವುದು." ಸೋಮವಾರ ಬೆಳಿಗ್ಗೆ ಕೆಳಗಿನ ಬೀದಿಯ ಸಂಪುಗಳು ತುಂಬಿ ಹರಿದವು. ಮೇಲಿನ ಬೀದಿಯಲ್ಲಿ ಒಂದೂ ಮೋಟಾರ್ ಸದ್ದಿಲ್ಲ. ಮಂಗಳವಾರ ಪ್ಲಂಬರ್ ಸಿಕ್ಕಿ, "ಏನ್ ಸಾರ್, ಎಲ್ರೂ ಒಟ್ಟಿಗೇ ಮೋಟ್ರು ಬಿಚ್ಚಿಸ್ತಿದ್ದಾರೆ" ಅಂತ ಸಂತೋಷಪಟ್ಟ. ಬೆರಳೆಣಿಕೆಯ ಕೇಳುಗರು ಅಂತ ನನ್ನನ್ನು ಆಡಿಕೊಳ್ಳುತ್ತಿದ್ದವರಿಗೆ ನಾನು ಹೇಳುವುದಿಷ್ಟೆ: ಲಕ್ಷ ಜನ ಕೇಳುವ ಎಫ್‌ಎಂನಲ್ಲಿ ಈ ಸಾಲು ಓದಿದ್ದರೆ ಒಂದು ಮೋಟಾರೂ ನಿಲ್ಲುತ್ತಿರಲಿಲ್ಲ. ಕೇಳಬೇಕಾದವರು ಕೇಳಿದರು, ಸಾಕು. ರೇಡಿಯೊ ಸಣ್ಣದಿದ್ದಷ್ಟೂ ಮಾತು ಗೇಟಿನ ಹತ್ತಿರ ಬೀಳುತ್ತದೆ.

ಆ ಪಟ್ಟಿ ಓದಲಿಲ್ಲ, ಯಾಕೆಂದರೆ ನನ್ನ ಹತ್ತಿರ ಪಟ್ಟಿಯೇ ಇರಲಿಲ್ಲ. ಈ ಸಂಗತಿಯನ್ನು ಮೇಲಿನ ಬೀದಿಯವರಿಗೆ ದಯವಿಟ್ಟು ಯಾರೂ ತಿಳಿಸಬೇಡಿ. ಬೇಸಿಗೆ ಮತ್ತೆ ಬರುತ್ತದೆ. ನಿಮ್ಮ ಬಡಾವಣೆಯಲ್ಲೂ ಒಂದು ಇಂಥ ರೇಡಿಯೊ ಶುರು ಮಾಡುವುದಿದ್ದರೆ ಮೈಕು ಆಮೇಲೆ ಕೊಳ್ಳಿ, ಮೊದಲು ವಾಲ್ವ್‌ಮನ್ನನ್ನು ಕಾಫಿಗೆ ಕರೆಯಿರಿ. ನಮಗೆ ಫೋನು ಮಾಡುವವರಲ್ಲಿ ಎರಡೇ ವಿನಂತಿ: ಮನೆಯಲ್ಲಿ ಹಾಕಿಕೊಂಡಿರುವ ನಮ್ಮ ಕಾರ್ಯಕ್ರಮವನ್ನು ಆರಿಸಿ ಮಾತಾಡಿ, ಮತ್ತು ನಿಮ್ಮ ಬೀದಿಯ ಹೆಸರು ಹೇಳಿ. ರಷ್ಯಾದ ವಿಷಯವಿದ್ದರೆ ಕೆರೆ ಏರಿಯ ಮೇಲೆ ಸಿಕ್ಕೋಣ.