ಪೇಟಿ ಮಾಸ್ತರಗೊಂದು ಪಾತ್ರ ಕೊಡ್ರಿ

1930ರ ದಶಕದ ಹಾಲಿವುಡ್ಡಿನಲ್ಲಿ ರೇಡಿಯೋ ಕುರಿತ ಚಿತ್ರಕಥೆಗಳನ್ನು ಹೊಸೆದ ಮಹನೀಯರಿಗೆ, ಕುಂದಗೋಳದಿಂದ ಸಾಷ್ಟಾಂಗ ನಮಸ್ಕಾರ.

ನಿಮ್ಮ ಕಲ್ಪನೆಗೆ ಶರಣು. 1932ರ ‘ದಿ ಬಿಗ್ ಬ್ರಾಡ್‌ಕಾಸ್ಟ್’ನಲ್ಲಿ ರೇಡಿಯೋ ಗಾಯಕನಾದ ಬಿಂಗ್ ಕ್ರಾಸ್ಬಿ ಹೊತ್ತಿಗೆ ಸರಿಯಾಗಿ ಸ್ಟುಡಿಯೋಕ್ಕೆ ಬರುವುದಿಲ್ಲ. ನಿಮಗೆ ಅದೇ ದೊಡ್ಡ ಗದ್ದಲ! 1937ರ ‘ವೇಕ್ ಅಪ್ ಅಂಡ್ ಲಿವ್’ನಲ್ಲಿ ಜ್ಯಾಕ್ ಹ್ಯಾಲಿಗೆ ಮೈಕ್ ಕಂಡರೆ ಕೈಕಾಲು ನಡುಕ, ಬಂದ್ ಇದೆ ಎಂದುಕೊಂಡ ಮೈಕಿನ ಮುಂದೆ ಹಾಡುತ್ತಾನೆ, ಊರಿಗೆ ಊರೇ ಕೇಳುತ್ತದೆ. ಚಲೋ ಅದ. ಆದರೆ ನಿಮ್ಮಲ್ಲಿ ಹೆದರಿದವನು ಒಬ್ಬ ಹಾಡುಗಾರ. ನಮ್ಮಲ್ಲಿ ಸರಕಾರಿ ರೇಡಿಯೋನೇ ಒಂದು ವಾದ್ಯಕ್ಕೆ ಹೆದರಿತ್ತು.

1940ರ ಮಾರ್ಚ್‌ನಿಂದ ಆಲ್ ಇಂಡಿಯಾ ರೇಡಿಯೋದಲ್ಲಿ ಹಾರ್ಮೋನಿಯಂ, ಅಂದರೆ ನಮ್ಮ ಪೇಟಿ, ನಿಷಿದ್ಧವಾಗಿತ್ತು. ಸಪ್ತಕಕ್ಕೆ ಹನ್ನೆರಡೇ ಮನೆಗಳ ಈ ವಿಲಾಯತಿ ಪೆಟ್ಟಿಗೆಗೆ ಶ್ರುತಿಯ ಸೂಕ್ಷ್ಮ ತಿಳಿಯದು, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬಾರದು ಎಂಬುದು ಆರೋಪ. ಆರೋಪ ಸುಳ್ಳಲ್ಲ, ಮಜಾ ಇರುವುದೇ ಅಲ್ಲಿ. ಯಾಕೆಂದರೆ ನಮ್ಮ ಕಡೆಯ ಗಾಯಕರ ಕಿವಿ ಪಳಗಿದ್ದು ನಾಟಕ ಕಂಪನಿಗಳ ಪೇಟಿಯ ಬದಿಯಲ್ಲಿ. ನಮ್ಮೂರ ಸವಾಯಿ ಗಂಧರ್ವರು ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರ ಮಾಡಿ ಹಾಡಿದವರು. ಇದೇ ತಾಲೂಕಿನ ಯಲಿವಾಳದ ಬಸವರಾಜ ರಾಜಗುರು ಹುಡುಗನಾಗಿದ್ದಾಗಲೇ ವಾಮನರಾವ್ ಮಾಸ್ತರರ ನಾಟಕ ಕಂಪನಿ ಸೇರಿದವರು.

ಹೀಗಾಗಿ ನಿಮಗೊಂದು ದೃಶ್ಯ ಪುಕ್ಕಟೆ ಕೊಡುತ್ತೇನೆ. 1950ರಲ್ಲಿ ಧಾರವಾಡದಲ್ಲಿ ಆಕಾಶವಾಣಿ ಶುರುವಾಗಿದೆ. ಗೇಟಿನಲ್ಲಿ ಗಾಯಕ ಒಳಗೆ, ತಂಬೂರಿ ಒಳಗೆ, ತಬಲಾ ಒಳಗೆ. ಪೇಟಿ ಮಾಸ್ತರ ಮಾತ್ರ ಭಾತೆ ಮುಚ್ಚಿ ಹೊರಗಿನ ಚಹಾದಂಗಡಿಯಲ್ಲಿ ಕೂತು, ಅಲ್ಲಿನ ರೇಡಿಯೋದಲ್ಲಿ ತನ್ನ ಗಾಯಕನ ಹಾಡು ಕೇಳುತ್ತ, ಮೇಜಿನ ಮೇಲೆ ಬೆರಳಾಡಿಸುತ್ತಾನೆ. ನಿಮ್ಮ ನೃತ್ಯ ನಿರ್ದೇಶಕ ಬಸ್ಬಿ ಬರ್ಕ್ಲಿ ನೂರು ಹುಡುಗಿಯರನ್ನು ಕುಣಿಸಿದರೂ ಈ ಹತ್ತು ಬೆರಳಿಗೆ ಸರಿಸಾಟಿ ಆಗಲಿಕ್ಕಿಲ್ಲ.

ಮಧ್ಯಂತರದ ಮೇಲೆ ಹಾಸ್ಯ ಬೇಕಲ್ಲ? 1952ರಲ್ಲಿ ಪ್ರಸಾರ ಸಚಿವ ಬಿ.ವಿ. ಕೇಸ್ಕರ್ ಸಾಹೇಬರು ಜನರ ಅಭಿರುಚಿ ಸುಧಾರಿಸಲು ಹೊರಟು ರೇಡಿಯೋದಲ್ಲಿ ಸಿನಿಮಾ ಹಾಡಿಗೆ ಕತ್ತರಿ ಹಾಕಿದರು. ಅಭಿರುಚಿ ಎಷ್ಟು ಸುಧಾರಿಸಿತೆಂದರೆ, ರೇಡಿಯೋದ ಮುಳ್ಳುಗಳೆಲ್ಲ ಸಮುದ್ರ ದಾಟಿ ಸಿಲೋನಿಗೆ ಹೋಗಿ ಅಮೀನ್ ಸಯಾನಿಯ ಸಿನಿಮಾ ಹಾಡಿನ ಕಾರ್ಯಕ್ರಮ ಬಿನಾಕಾ ಗೀತಮಾಲಾದ ಮೇಲೆ ನಿಂತವು. ಆಗ ಟಪಾಲು ಕಚೇರಿಯಲ್ಲಿ ರೇಡಿಯೋ ಲೈಸೆನ್ಸಿನ ರೊಕ್ಕ ತುಂಬುವುದು ನಮ್ಮ ಸರಕಾರಕ್ಕೆ, ಹಾಡು ಕೇಳುವುದು ಸಿಲೋನಿನಿಂದ. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ತೆರೆದು ಸರಕಾರವೂ ಸಿನಿಮಾ ಹಾಡು ಹಾಡತೊಡಗಿತು. ಸರಕಾರ ಸೋತಿತೆಂದು ಮಾತ್ರ ಯಾರೂ ಅನ್ನಬಾರದು!

ಪೇಟಿಗೆ ಬಾಗಿಲು ತೆರೆದದ್ದು 1971ರಲ್ಲಿ, ಅದೂ ಗಾಯನದ ಸಾಥಿಗಷ್ಟೇ. ನಿಮ್ಮ ಕ್ರಾಸ್ಬಿಯ ಸಂಕಟ ಎಂಬತ್ತು ನಿಮಿಷಕ್ಕೆ ಮುಗಿಯಿತು. ನಮ್ಮದು ಮೂವತ್ತೊಂದು ವರ್ಷ ಓಡಿತು. ಇಷ್ಟು ಓಡಿದ ಚಿತ್ರ ನಿಮ್ಮಲ್ಲಿ ಇದ್ದರೆ ತಿಳಿಸಿ.

ಒಂದೇ ಕರಾರು. ಆ ಜ್ಯಾಕ್ ಹ್ಯಾಲಿ ಬರೇ ತುಟಿ ಆಡಿಸಿದ್ದು, ಹಾಡಿದ್ದು ಬಡ್ಡಿ ಕ್ಲಾರ್ಕ್ ಎಂಬುದು ಕುಂದಗೋಳದವರೆಗೂ ಗೊತ್ತಾಗಿದೆ. ಮಾಸ್ತರನ ಪಾತ್ರಕ್ಕೆ ಅಂಥ ಆಟ ನಡೆಯದು. ಪೇಟಿ ನುಡಿಸಲು ಬರುವವನೇ ಬೇಕು.

ಇಂತಿ,
ಕುಂದಗೋಳದ ಒಬ್ಬ ಕೇಳುಗ