ಗ್ಯಾಸ್ ಮಹಾಶಯರಿಗೊಂದು ಮನವಿ

ಇವರಿಗೆ,
ಶ್ರೀಮಾನ್ ಅಡುಗೆ ಅನಿಲ ಅವರು,
ಬೋಟಿನ ಕ್ಯಾಬಿನ್, ಮಲ್ಪೆ ಬಂದರು.

ವಿಷಯ: ತಾವು ತಮ್ಮ ಸ್ವಭಾವ ತಿದ್ದಿಕೊಳ್ಳುವ ಬಗ್ಗೆ.

ಮಾನ್ಯರೇ,

ಮೀನುಗಾರಿಕೆಯ ರಜೆ ಮುಗಿಯಿತು. ಜೂನ್ 1ರಿಂದ ಜುಲೈ 31ರವರೆಗಿನ ಬಿಡುವಿನಲ್ಲಿ ಎಂಜಿನ್ ಬಿಚ್ಚಿ ಜೋಡಿಸಿದೆವು, ಬಲೆ ಸರಿಮಾಡಿದೆವು, ಬಣ್ಣ ಬಳಿದೆವು, ಪೂಜೆಯನ್ನೂ ಮಾಡಿಸಿದೆವು. ತಮ್ಮ ಪೈಪನ್ನು ಮಾತ್ರ ಮುಟ್ಟಲಿಲ್ಲ. ಹೋದ ವರ್ಷ ಏನೂ ಆಗಲಿಲ್ಲವಲ್ಲ! ಇನ್ನು ಆಳ ಸಮುದ್ರದಲ್ಲಿ ಹತ್ತು ದಿನ ನಮ್ಮ ಗಂಜಿ, ಮೀನುಸಾರು, ಚಹಾ ಎಲ್ಲವೂ ತಮ್ಮ ಕೃಪೆಯಿಂದಲೇ ಆಗಬೇಕು.

ತಮ್ಮನ್ನು ಬೋಟು ಹತ್ತಿಸಿದ ಕೆಲಸವೆಲ್ಲ ನಮ್ಮದೇ. ಏಜೆನ್ಸಿಯ ಮೆಕ್ಯಾನಿಕ್ ಬಂದರೆ ದುಡ್ಡು ಕೇಳುತ್ತಾನೆ. ಅದಕ್ಕಿಂತ ಕಷ್ಟವೆಂದರೆ ಪ್ರಶ್ನೆ ಕೇಳುತ್ತಾನೆ. ಮನೆ ಬಳಕೆಯ 14.2 ಕೆ.ಜಿ. ಸಿಲಿಂಡರ್ ಇಲ್ಲಿಗೆ ಹೇಗೆ ಬಂತು ಎಂದರೆ ಏನು ಹೇಳೋಣ? ನಮ್ಮಲ್ಲಿ ಬೈಂಡಿಂಗ್ ತಂತಿಯಿದೆ, ಎಂ-ಸೀಲ್ ಇದೆ, ಯೂಟ್ಯೂಬ್ ಇದೆ. ಕೊರತೆಯೆಲ್ಲ ತಮ್ಮ ಕಡೆಯದೇ. ಆದ್ದರಿಂದ ಕೆಳಗಿನ ಬೇಡಿಕೆಗಳು:

1. ತಾವು ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಮನೆಯಲ್ಲಾದರೆ ಬಾಗಿಲ ಸಂದಿಯಿಂದ ಹೊರಗೆ ಹರಿದುಹೋಗಬಹುದು. ಬೋಟಿನ ತಳಕ್ಕೆ ಬಾಗಿಲೆಲ್ಲಿ? ನೀರು ಒಳಗೆ ಬಾರದಂತೆ ಕಟ್ಟಿದ ಬೋಟಿನಿಂದ ತಾವೂ ಹೊರಗೆ ಹೋಗುವುದಿಲ್ಲ. ಎಂಜಿನ್ನಿನ ಕೆಳಗೆ, ಬ್ಯಾಟರಿಯ ಪಕ್ಕ, ನೀರೆತ್ತುವ ಪಂಪಿನ ಬುಡದಲ್ಲಿ ತುಂಬಿಕೊಂಡು ಕೂರುತ್ತೀರಿ. ಗಾಳಿಯಲ್ಲಿ ತಮ್ಮ ಪಾಲು ನೂರಕ್ಕೆ ಸುಮಾರು ಎರಡಾದರೆ ಸಾಕು, ಸ್ವಿಚ್ಚಿನ ಒಂದು ಕಿಡಿಗೆ ಸ್ಫೋಟ. ದಯವಿಟ್ಟು ಹಗುರಾಗಿ, ಮೇಲಕ್ಕೆ ಹೋಗಿ.

2. ಸೋರಿಕೆ ತಿಳಿಯಲೆಂದು ತಮಗೆ ಈಥೈಲ್ ಮರ್ಕಾಪ್ಟನ್ ಎಂಬ ನಾತದ ವಸ್ತು ಬೆರೆಸುತ್ತಾರೆ. ನಮ್ಮ ಬೋಟಿನಲ್ಲಿ ಆಗಲೇ ಮೀನು, ಡೀಸೆಲ್, ಒದ್ದೆ ಬಲೆ ಇವೆ. ಅವುಗಳ ನಡುವೆ ತಮ್ಮ ವಾಸನೆ ಲೆಕ್ಕಕ್ಕಿಲ್ಲ. ಮೇಲಾಗಿ ತಾವಿರುವುದು ತಳದಲ್ಲಿ, ನಮ್ಮ ಮೂಗು ಇರುವುದು ಮೇಲೆ. ಬೋಟು ನಡೆಸುವ ತಾಂಡೇಲರ ಕಿವಿಯಲ್ಲಿ ಬಂದು ಹೇಳುವ ಅಭ್ಯಾಸ ಮಾಡಿಕೊಳ್ಳಿ.

3. ತೆರೆಗೆ ಉರುಳದಿರಲೆಂದು ನಾವೇ ಸಿಲಿಂಡರನ್ನು ಮಲಗಿಸಿ ಇಡುತ್ತೇವೆ. ಆಗ ರೆಗ್ಯುಲೇಟರಿಗೆ ಆವಿಯ ಬದಲು ದ್ರವವನ್ನೇ ಕಳಿಸುತ್ತೀರಿ. ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಆವಿಯಾಗುತ್ತದೆ. ಮಲಗಿದವರು ಸುಮ್ಮನೆ ಮಲಗಬಾರದೇ?

4. ಉಪ್ಪುಗಾಳಿಗೆ ಕ್ಲಿಪ್ಪು ತುಕ್ಕು ಹಿಡಿದರೆ, ಬಿಸಿಲಿಗೆ ರಬ್ಬರ್ ಬಿರುಕು ಬಿಟ್ಟರೆ, ಅದೇ ನೆಪ ಮಾಡಿ ಹೊರಬರುತ್ತೀರಿ. ಐದು ವರ್ಷಕ್ಕೊಮ್ಮೆ ಪೈಪು ಬದಲಿಸಬೇಕೆನ್ನುವುದು ಅಂಗಡಿಯವರ ಸಂಚು ಎಂದು ನಾವು ನಂಬಿದ್ದೇವೆ. ನಮ್ಮ ನಂಬಿಕೆಯನ್ನು ಗೌರವಿಸಿ.

5. ಸೋರಿಕೆ ನೋಡಲು ನಾವು ಬೆಂಕಿಕಡ್ಡಿ ಗೀರುತ್ತೇವೆ. ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆಂದು ಗೊತ್ತು. ಆದರೆ ಕಡ್ಡಿಯ ಫಲಿತಾಂಶ ಬೇಗ ಬರುತ್ತದೆ. ಪರೀಕ್ಷೆ ನಡೆಯುವಷ್ಟು ಹೊತ್ತಾದರೂ ತಾವು ಹತ್ತಿಕೊಳ್ಳಬಾರದು.

ಇಷ್ಟಕ್ಕೂ ಒಪ್ಪದಿದ್ದರೆ, ಅವಘಡವಾದ ಮೇಲೆ "ಸಿಲಿಂಡರ್ ಸ್ಫೋಟ" ಎಂದು ಪತ್ರಿಕೆಯವರು ತಮ್ಮ ಹೆಸರನ್ನೇ ಹಾಕುತ್ತಾರೆ. ಬೈಂಡಿಂಗ್ ತಂತಿ ಬಿಗಿದವನ ಹೆಸರು ಎಲ್ಲೂ ಬರುವುದಿಲ್ಲ. ಮರ್ಯಾದೆ ಹೋಗುವುದು ತಮ್ಮದೇ, ಯೋಚಿಸಿ.

ಇಂತಿ ತಮ್ಮ ವಿಶ್ವಾಸಿಗಳು,
ಎಲ್ಲವನ್ನೂ ತಾವೇ ಮಾಡಿಕೊಳ್ಳುವ ಬೋಟಿನವರು

ಪ್ರತಿ: ಬೋಟು ಮಾಲೀಕರಿಗೆ ಮತ್ತು ತಾಂಡೇಲರಿಗೆ. ಅನಿಲ ಮಹಾಶಯರು ಯಾವ ಬೇಡಿಕೆಗೂ ಒಪ್ಪುವವರಲ್ಲ. ಆದ್ದರಿಂದ ಸಿಲಿಂಡರನ್ನು ಕ್ಯಾಬಿನ್ನಿನ ಹೊರಗೆ, ಸೋರಿದ್ದು ಸಮುದ್ರದ ಕಡೆಗೆ ಹೋಗುವಂಥ ಜಾಗದಲ್ಲಿ, ನೆಟ್ಟಗೆ ನಿಲ್ಲಿಸಿ ಕಟ್ಟಿ. ಅಡುಗೆ ಮುಗಿದ ಕೂಡಲೇ ಸಿಲಿಂಡರಿನ ಬಳಿಯೇ ಬಂದ್ ಮಾಡಿ. ಐಎಸ್‌ಐ ಗುರುತಿನ ಪೈಪನ್ನೇ ಹಾಕಿಸಿ, ಜೋಡಣೆಯನ್ನು ಏಜೆನ್ಸಿಯ ಮೆಕ್ಯಾನಿಕ್‌ಗೆ ಬಿಡಿ. ದಕ್ಕೆಯಲ್ಲಿರುವಾಗ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ದೂರ ಹೋಗಿ 1906ಕ್ಕೆ ಫೋನ್ ಮಾಡಿ. ನಡು ಸಮುದ್ರದಲ್ಲಿ ಆ ಸಂಖ್ಯೆ ಉಪಯೋಗಕ್ಕೆ ಬಾರದು. ಓಡಿಹೋಗಲು ಅಲ್ಲಿ ಅಂಗಳವೂ ಇಲ್ಲ. ಈ ಪ್ರತಿ ಮಾಹಿತಿಗಾಗಿ ಅಲ್ಲ, ಕ್ರಮಕ್ಕಾಗಿ.