ಕಾಲುದಾರಿ: ಜೋಡಣೆ, ಬಳಕೆ ಮತ್ತು ನಿರ್ವಹಣೆ

(ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರು ಮಾದರಿಗಳಿಗೆ ಮಾತ್ರ ಅನ್ವಯ)

ಕಾಲುದಾರಿಯನ್ನು ಆಯ್ಕೆ ಮಾಡಿಕೊಂಡಿದ್ದಕ್ಕೆ ವಂದನೆಗಳು. ದಾವಣಗೆರೆ ಜಿಲ್ಲೆಯ ಈ ನಾಲ್ಕೂ ತಾಲ್ಲೂಕುಗಳಲ್ಲಿ ಈ ಸಾಧನ ಪುಕ್ಕಟೆ ಸಿಗುತ್ತದೆ. ಸಿಗದಿದ್ದರೆ ಯಾರದೋ ಅಡಿಕೆ ತೋಟದೊಳಗೆ ಸೇರಿಹೋಗಿದೆ ಎಂದರ್ಥ. ಆ ತೊಂದರೆಗೆ ‘ದೋಷ ನಿವಾರಣೆ’ ವಿಭಾಗ ನೋಡಿ. ಬಳಕೆಗೆ ಮುನ್ನ ಕೈಪಿಡಿಯನ್ನು ಪೂರ್ತಿ ಓದಿರಿ. ಓದಿದ ಮೇಲೂ ಬೈಕೇ ವಾಸಿ ಅನ್ನಿಸಿದರೆ ನೀವು ಈಗಾಗಲೇ ಸ್ಥಳೀಯರಾಗಿದ್ದೀರಿ, ಮುಂದೆ ಓದುವ ಅಗತ್ಯವಿಲ್ಲ.

ಪೆಟ್ಟಿಗೆಯಲ್ಲಿ ಏನೇನಿದೆ

1. ಕಾಲು (ಎರಡು, ಬಳಸಿದವು)
2. ಹವಾಯಿ ಚಪ್ಪಲಿ (ಒಂದು ಜೊತೆ)
3. ಟವೆಲ್ಲು (ತಲೆಗೆ, ಬೆವರಿಗೆ, ಕೂರಲಿಕ್ಕೆ)
4. ನೀರಿನ ಬಾಟಲಿ
5. ಕಾರಣ (ಒಂದು)

ಮೊದಲ ನಾಲ್ಕನ್ನು ಮರೆತರೂ ಹೇಗೋ ನಡೆಯುತ್ತದೆ. ಐದನೆಯದನ್ನು ಮನೆಯಲ್ಲಿ ಬಿಟ್ಟು ಹೊರಡಬೇಡಿ.

ಐದನೇ ಬಿಡಿಭಾಗದ ಬಗ್ಗೆ ವಿಶೇಷ ಸೂಚನೆ

ಈ ಸೀಮೆಯಲ್ಲಿ ಕಾರಣವಿಲ್ಲದೆ ಯಾರೂ ನಡೆಯುವುದಿಲ್ಲ. ರಸ್ತೆ ಬದಿಯಲ್ಲಿ ಹೆಜ್ಜೆ ಹಾಕುತ್ತಿರುವವನ ಪಕ್ಕ ಬೈಕೊಂದು ನಿಂತೇ ನಿಲ್ಲುತ್ತದೆ. “ಎಲ್ಲಿಗ್ ಹೊಂಟೀರಿ? ಹತ್ರಿ, ಬಿಡ್ತೀನಿ.” ನೀವು “ಬ್ಯಾಡ, ಸುಮ್ನೆ ನಡೀತಿದೀನಿ” ಅಂದಿರೋ, ಆ ಮನುಷ್ಯನ ಮುಖದಲ್ಲಿ ಮೊದಲು ಕನಿಕರ, ಆಮೇಲೆ ಅನುಮಾನ ಮೂಡುತ್ತವೆ. ನೀವು ಮುಂದಿನ ಊರು ಮುಟ್ಟುವ ಮೊದಲೇ, ತಲೆ ಕೆಟ್ಟವನೊಬ್ಬ ಬರುತ್ತಿದ್ದಾನೆಂಬ ಸುದ್ದಿ ಅಲ್ಲಿ ಮುಟ್ಟಿರುತ್ತದೆ.

ಚಾಲ್ತಿಯಲ್ಲಿರುವ ಕಾರಣಗಳು ಹೀಗಿವೆ. ಹರಕೆ: ಸರ್ವಮಾನ್ಯ, ಮರುಪ್ರಶ್ನೆ ಬರುವುದಿಲ್ಲ. ತಪ್ಪಿಸಿಕೊಂಡ ಎಮ್ಮೆ: ಉತ್ತಮ, ಆದರೆ ಹುಡುಕಲು ನಾಲ್ಕು ಜನ ಜೊತೆಗೆ ಹೊರಟುಬಿಡುವ ಅಪಾಯವಿದೆ. “ಶುಗರ್ ಐತೆ, ಡಾಕ್ಟ್ರು ನಡೀರಿ ಅಂದಾರೆ”: ಈಚಿನ ವರ್ಷಗಳಲ್ಲಿ ಎಲ್ಲಕ್ಕಿಂತ ವಿಶ್ವಾಸಾರ್ಹ, ಕೇಳಿದವರೂ ತಮ್ಮ ಶುಗರ್ ಎಷ್ಟೆಂದು ಹೇಳಿ ಮುಂದೆ ಹೋಗುತ್ತಾರೆ. “ಇತಿಹಾಸ ನೋಡಾಕೆ ಬಂದೀನಿ”: ಇದನ್ನು ನಿಧಿ ಅಗೆಯುವವನು ಹೇಳುವ ಮಾತೆಂದು ತಿಳಿಯುವ ಸಂಭವ ಹೆಚ್ಚು. “ಸರ್ವೆ”: ಯಾವ ಕಾರಣಕ್ಕೂ ಹೇಳಬೇಡಿ. ಹೇಳಿದರೆ ಯಾರ ಜಮೀನಿನ ಮೇಲೆ ಚಾನಲ್ ಬರುತ್ತದೆ, ಪರಿಹಾರ ಎಷ್ಟು ಎಂಬುದಕ್ಕೆಲ್ಲ ಅಲ್ಲೇ ಉತ್ತರ ಕೊಡಬೇಕಾಗುತ್ತದೆ.

ಜೋಡಣೆ

ಹಂತ 1. ಸರ್ವೆ ಇಲಾಖೆಯಿಂದ ಗ್ರಾಮ ನಕಾಶೆ ಪಡೆಯಿರಿ. ಅದರಲ್ಲಿ ಒಂಟಿ ಚುಕ್ಕಿ ಗೆರೆಯಾಗಿ ಹರಿಯುವುದು ಕಾಲುದಾರಿ, ಜೋಡಿ ಚುಕ್ಕಿ ಗೆರೆಯಾಗಿ ಹೋಗುವುದು ಬಂಡಿದಾರಿ.

ಹಂತ 2. ನಕಾಶೆಯನ್ನು ಮಡಚಿ ಜೇಬಿಗಿಡಿ. ಬಯಲಲ್ಲಿ ಬಿಡಿಸಬೇಡಿ (‘ಸರ್ವೆ’ ನೋಡಿ).

ಹಂತ 3. ಕಟ್ಟೆಯ ಮೇಲೆ ಕೂತ ಹಿರಿಯರನ್ನು ಹುಡುಕಿ, ಹಿಂದೆ ಜಾತ್ರೆಗೆ ಯಾವ ದಾರಿಯಲ್ಲಿ ಹೋಗುತ್ತಿದ್ದಿರಿ ಎಂದು ಕೇಳಿ. ಅವರು ಹೇಳುವ ದಾರಿಯೂ ಚುಕ್ಕಿ ಗೆರೆಯೂ ಬಹುತೇಕ ಕೂಡುತ್ತವೆ. ದೂರದ ಲೆಕ್ಕಕ್ಕೆ ಈ ಪಟ್ಟಿ ಬಳಸಿ: ‘ಇಲ್ಲೇ’ ಅಂದರೆ ಅರ್ಧ ಗಂಟೆ, ‘ಹತ್ರ’ ಅಂದರೆ ಒಂದೂವರೆ ಗಂಟೆ, ‘ಸ್ವಲ್ಪ ದೂರ ಆಗ್ತತಿ’ ಅಂದರೆ ಬಸ್ ಹಿಡಿಯಿರಿ.

ಸ್ಪೇನಿನ ಸಾಂತಿಯಾಗೊ ಯಾತ್ರೆಯ ದಾರಿಯುದ್ದಕ್ಕೂ ಹಳದಿ ಬಾಣಗಳಿವೆ; ಯಾತ್ರಿಕರು ಪಾಸ್‌ಪೋರ್ಟಿನಂಥ ಪುಸ್ತಕಕ್ಕೆ ಊರೂರಲ್ಲಿ ಮುದ್ರೆ ಹಾಕಿಸಿಕೊಳ್ಳುತ್ತಾರೆ. ನಮ್ಮ ಮಾದರಿಯಲ್ಲಿ ಬಾಣ ಒದಗಿಸಿಲ್ಲ. ಮುದ್ರೆಯ ವ್ಯವಸ್ಥೆ ಇದೆ: ಮಠದಲ್ಲಿ ವಿಭೂತಿ, ಗುಡಿಯಲ್ಲಿ ಕುಂಕುಮ. ಸಂಜೆ ಹಣೆ ನೋಡಿದರೆ ಎಲ್ಲೆಲ್ಲಿ ಹೋಗಿ ಬಂದಿರಿ ಎಂಬುದು ಗೊತ್ತಾಗುತ್ತದೆ.

ಮಾದರಿ ಒಂದು: ಚನ್ನಗಿರಿ

ಪಟ್ಟಣದ ಕೋಟೆ ಗುಡ್ಡದಿಂದ ಶುರುಮಾಡಿ. ಊರಿಗೆ ಹೆಸರು ಬಂದದ್ದು ಕೆಳದಿಯ ರಾಣಿ ಚೆನ್ನಮ್ಮನಿಂದ. ಕೋಟೆಯೊಳಗೆ ರಂಗನಾಥನಿದ್ದಾನೆ, ಅವನಿಗೆ ಕೈಮುಗಿದು ಹೊದಿಗೆರೆ ಕಡೆ ತಿರುಗಿ. ಅಲ್ಲಿರುವುದು ಶಿವಾಜಿಯ ತಂದೆ ಶಹಾಜಿಯ ಸಮಾಧಿ. 1664ರಲ್ಲಿ ಈ ಸೀಮೆಯಲ್ಲಿ ಬೇಟೆಗೆ ಹೋದಾಗ ಕುದುರೆಯಿಂದ ಬಿದ್ದು ಆತ ತೀರಿಕೊಂಡ. ಇಪ್ಪತ್ತೈದು ವರ್ಷಗಳ ಮೇಲೆ, 1689ರಲ್ಲಿ, ಔರಂಗಜೇಬನ ಸೇನೆ ಬೆನ್ನಟ್ಟಿದ್ದಾಗ ಶಹಾಜಿಯ ಮೊಮ್ಮಗ ರಾಜಾರಾಮನಿಗೆ ಆಸರೆ ಕೊಟ್ಟವಳು ಇದೇ ಚೆನ್ನಮ್ಮ. ಅಜ್ಜನ ಸಮಾಧಿಗೂ ಮೊಮ್ಮಗನನ್ನು ಕಾಪಾಡಿದವಳ ಹೆಸರಿನ ಊರಿಗೂ ನಡುವೆ ಇರುವುದು ನಿಮ್ಮ ಒಂದು ಹೊತ್ತಿನ ನಡಿಗೆ. ಸುರಕ್ಷತಾ ಸೂಚನೆ: ಕುದುರೆ ಹತ್ತಬೇಡಿ.

ಮುಂದಿನದು ಸೂಳೆಕೆರೆ. ಫಲಕದಲ್ಲಿ ‘ಶಾಂತಿಸಾಗರ’ ಎಂದಿರುತ್ತದೆ, ಕಂಡಕ್ಟರ್ ಸೂಳೆಕೆರೆ ಎಂದೇ ಕೂಗುತ್ತಾನೆ, ಎರಡಕ್ಕೂ ಇಳಿಯಿರಿ. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ ಏರಿ ಕಟ್ಟಿದ್ದಾರೆ. ಏರಿಯ ಉದ್ದ ಸುಮಾರು ಸಾವಿರ ಅಡಿ. ಹಿಂದೆ ನಿಂತ ನೀರಿನ ಹರವು ಎರಡೂವರೆ ಸಾವಿರ ಹೆಕ್ಟೇರಿಗೂ ಹೆಚ್ಚು. ಏರಿಯ ಮೇಲೆ ಐದು ನಿಮಿಷ ನಡೆದವರು “ಕೆರೆ ಸುತ್ತಿ ಬಂದೆ” ಎಂದು ಹೇಳಿಕೊಳ್ಳುವುದುಂಟು. ನಿಜಕ್ಕೂ ಸುತ್ತಿ ಬರಲು ಹೊರಟರೆ ರಾತ್ರಿ ಎಲ್ಲಿ ಮಲಗುವಿರಿ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಎರಡು ತೂಬುಗಳಿವೆ: ಸಿದ್ಧ ಮತ್ತು ಬಸವ. ಶಾಂತವ್ವ ಎಂಬ ರಾಜಕುಮಾರಿ ಈ ಕೆರೆ ಕಟ್ಟಿಸಿದಳೆಂದು ಕಥೆ. ಅವಳ ಅಪ್ಪನ ರಾಜಧಾನಿ ನೀರಿನಡಿ ಇದೆ ಎನ್ನುತ್ತಾರೆ. ಆ ದಾರಿ ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

ಸಂತೆಬೆನ್ನೂರಿನ ಪುಷ್ಕರಣಿಯನ್ನು ಪಾಳೇಗಾರ ಕೆಂಗ ಹನುಮಪ್ಪ ನಾಯಕ 16ನೇ ಶತಮಾನದಲ್ಲಿ ಕಟ್ಟಿಸಿದ. ಮೆಟ್ಟಿಲ ಮೇಲೆ ಕೂತು ನೀರ ನಡುವಿನ ವಸಂತ ಮಂಟಪ ನೋಡಿ. ಈಜಿ ಹೋಗುವ ಆಸೆಯನ್ನು ಅಲ್ಲೇ ಬಿಡಿ. ಎದುರಿಗೆ ಬಿಜಾಪುರದ ಸೇನಾನಿ ರಣದುಲ್ಲಾ ಖಾನ್ ಕಟ್ಟಿಸಿದ ಮುಸಾಫಿರ್‌ಖಾನಾ ಇದೆ. ನಾಲ್ಕು ತಾಲ್ಲೂಕುಗಳಲ್ಲೆಲ್ಲ ದಾರಿಹೋಕರ ಹೆಸರಿನಲ್ಲೇ ನಿಂತಿರುವ ಭವ್ಯ ಕಟ್ಟಡ ಇದೊಂದೇ. ಈಗ ಸಂರಕ್ಷಿತ ಸ್ಮಾರಕವಾದ್ದರಿಂದ ದಾರಿಹೋಕರು ಅಲ್ಲಿ ತಂಗುವಂತಿಲ್ಲ.

ಕಾಡು ಬೇಕಾದವರು ಉಬ್ರಾಣಿ ಕಡೆಗೆ, ಕುಕ್ಕುವಾಡೇಶ್ವರಿ ನೆಲೆಸಿದ ಅಮ್ಮನಗುಡ್ಡದ ಕಡೆಗೆ ಹೋಗಬಹುದು. ಆ ಕಾಡಿನಲ್ಲಿ ಆನೆಗಳೂ ಓಡಾಡುತ್ತವೆ, ಅವಕ್ಕೆ ಯಾರೂ ಕಾರಣ ಕೇಳುವುದಿಲ್ಲ. ಅರಣ್ಯ ಇಲಾಖೆಯವರನ್ನು ಕೇಳಿ ಹೊರಡಿ, ಬೆಳಕಿರುವಾಗಲೇ ವಾಪಸಾಗಿ. ಕಾರಿಗನೂರನ್ನು ಹಾದುಹೋಗುವವರಿಗೆ ಒಂದು ಮಾತು: ಇದು 1967ರಲ್ಲಿ ಲೋಕಸಭೆಯಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತಾಡಿದ, ಮುಂದೆ ಮುಖ್ಯಮಂತ್ರಿಯಾಗಿದ್ದಾಗ 1997ರಲ್ಲಿ ಈ ಜಿಲ್ಲೆಯನ್ನೇ ಮಾಡಿದ ಜೆ.ಎಚ್. ಪಟೇಲರ ಊರು. ಕಟ್ಟೆಯವರ ಜೊತೆ ವಾದಕ್ಕೆ ಇಳಿದರೆ ಗೆಲ್ಲುವ ಭರವಸೆ ಕೊಡಲಾಗದು.

ಮಾದರಿ ಎರಡು: ಹೊನ್ನಾಳಿ ಮತ್ತು ನ್ಯಾಮತಿ

ಕೂಡ್ಲಿಯಲ್ಲಿ ಒಂದಾದ ತುಂಗೆ ಭದ್ರೆಯರು ಹೊನ್ನಾಳಿಗೆ ಬರುವಷ್ಟರಲ್ಲಿ ಜಗಳವೆಲ್ಲ ಮುಗಿಸಿ ಅಗಲವಾಗಿ ಹರಿಯುತ್ತಾರೆ. ಪಟ್ಟಣದಲ್ಲಿ ಹಿರೇಕಲ್ಮಠವಿದೆ, ರಾಘವೇಂದ್ರಸ್ವಾಮಿ ಮಠವಿದೆ. ಮಠಗಳನ್ನು ಬಳಸುವ ವಿಧಾನ ಸರಳ: ಚಪ್ಪಲಿ ಹೊರಗೆ ಬಿಡಿ, ಗದ್ದುಗೆಗೆ ಅಡ್ಡಬೀಳಿ, “ಊಟ ಆತಾ?” ಎಂಬ ಪ್ರಶ್ನೆಗೆ ಸುಳ್ಳು ಹೇಳಬೇಡಿ. ದಾಸೋಹದ ಪಂಕ್ತಿಯಲ್ಲಿ ಕೂತವನನ್ನು ನೀನು ನಡೆದು ಬಂದೆಯೋ ಕಾರಲ್ಲಿ ಬಂದೆಯೋ ಎಂದು ಕೇಳುವ ಪದ್ಧತಿ ಇಲ್ಲ. ಸಾರು ಎರಡನೇ ಸಲ ಬಂದಾಗ ಕೈ ಅಡ್ಡ ಹಿಡಿದರೂ ಬೀಳುತ್ತದೆ; ಇದು ದೋಷವಲ್ಲ.

ನ್ಯಾಮತಿ ಕಡೆಯ ಕುದುರೆಕೊಂಡ, ಪಲವನಹಳ್ಳಿ ಸುತ್ತ ಹಿಂದೆ ಚಿನ್ನಕ್ಕಾಗಿ ಅಗೆದಿದ್ದಾರೆ. ಅಲ್ಲಿ ಕಣ್ಣು ನೆಲದ ಮೇಲಿರಲಿ. ಚಿನ್ನಕ್ಕಾಗಿ ಅಲ್ಲ, ಗುಂಡಿಗಾಗಿ. ಬೆಳಗುತ್ತಿ ಒಂದು ಕಾಲಕ್ಕೆ ಸಿಂದ ಅರಸರ ರಾಜಧಾನಿ, ಶಾಸನಗಳ ಊರು. ಅದರ ಬಳಿಯ ತೀರ್ಥರಾಮೇಶ್ವರದಲ್ಲಿ ಗುಡ್ಡದಿಂದ ನೀರು ಬತ್ತದೆ ಒಸರುತ್ತದೆ. ಬಾಟಲಿ ತುಂಬಿಸಿಕೊಳ್ಳಿ, ಮೂರನೇ ಮಾದರಿಯಲ್ಲಿ ಬೇಕಾಗುತ್ತದೆ. ದೀಪಾವಳಿಯ ನಂತರದ ದಿನಗಳಲ್ಲಿ ಈ ಭಾಗದ ಹಳ್ಳಿಗಳಲ್ಲಿ ಹೋರಿ ಬೆದರಿಸುವ ಹಬ್ಬ ನಡೆಯುತ್ತದೆ. ಎದುರಿನಿಂದ ಬಲೂನು, ಕೊಬ್ಬರಿ ಕಟ್ಟಿಕೊಂಡ ಹೋರಿ ಬಂದರೆ ದಾರಿಯ ಹಕ್ಕು ಅದರದು.

ಈ ಸಾಧನವನ್ನು ಪೂರ್ಣ ಸಾಮರ್ಥ್ಯದಲ್ಲಿ ಬಳಸುವವರನ್ನು ನೋಡಬೇಕಿದ್ದರೆ ಫೆಬ್ರುವರಿ ನಡುವಿಗೆ ಸೂರಗೊಂಡನಕೊಪ್ಪಕ್ಕೆ ಬನ್ನಿ. 1739ರ ಫೆಬ್ರುವರಿ 15ರಂದು ಸಂತ ಸೇವಾಲಾಲರು ಹುಟ್ಟಿದ್ದು ಇಲ್ಲಿ. ಜಯಂತಿಗೆ ಬಂಜಾರ ಮಾಲಾಧಾರಿಗಳು ಬಿಳಿ ಬಟ್ಟೆ ತೊಟ್ಟು ದೂರದೂರದ ತಾಂಡಾಗಳಿಂದ ನಡೆದೇ ಬರುತ್ತಾರೆ. ಹೇರೆತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದೇಶದ ಉದ್ದಗಲ ನಡೆದವರ ವಂಶ ಅದು. ರೈಲು ಬಂದು ಆ ಕಸುಬು ಹೋಯಿತು, ನಡಿಗೆ ಉಳಿಯಿತು. ಅವರಿಗೆ ಈ ಕೈಪಿಡಿ ಬೇಕಿಲ್ಲ.

ಮಾದರಿ ಮೂರು: ಜಗಳೂರು

ಒಣಹವೆಯಲ್ಲಿ ಚಲಿಸುವ ಮಾದರಿ. ನೆರಳು ಬಿಡಿಭಾಗವಾಗಿ ದೊರೆಯುವುದಿಲ್ಲ. ಟವೆಲ್ಲನ್ನು ತಲೆಗೆ ಕಟ್ಟಿ. ಕೊಡದಗುಡ್ಡದ ವೀರಭದ್ರನ ಜಾತ್ರೆಗೆ ಹೋಗುವವರ ಹಿಂದೆ ಹೋದರೆ ದಾರಿ ತಪ್ಪದು, ಕುರಿಮಂದೆಯ ಹಿಂದೆ ಹೋದರೆ ತಪ್ಪಿದ್ದೂ ಗೊತ್ತಾಗದು.

ರಂಗಯ್ಯನದುರ್ಗದ ಕುರುಚಲು ಕಾಡು 2011ರಲ್ಲಿ ಕೊಂಡುಕುರಿಗಾಗಿ ವನ್ಯಧಾಮವಾಯಿತು. ನಾಲ್ಕು ಕೊಂಬಿನ ಕಾಡುಪ್ರಾಣಿ ಜಗತ್ತಿನಲ್ಲಿ ಇದೊಂದೇ; ಅದೂ ಗಂಡಿಗೆ ಮಾತ್ರ ಕೊಂಬು. ಬಲು ನಾಚಿಕೆಯ ಜೀವ, ಕಾಣುವ ಭರವಸೆ ಇಟ್ಟುಕೊಳ್ಳಬೇಡಿ. ಅದು ಹಿಕ್ಕೆ ಹಾಕಲು ಮತ್ತೆ ಮತ್ತೆ ಅದೇ ಜಾಗಗಳಿಗೆ ಬರುತ್ತದೆ. ಹೀಗೆ ತಾನು ಓಡಾಡುವ ದಾರಿಗೆ ಶಿಸ್ತಾಗಿ ಗುರುತು ಹಾಕಿಟ್ಟ ಏಕೈಕ ಸಂಸ್ಥೆ ಈ ನಾಲ್ಕು ತಾಲ್ಲೂಕುಗಳಲ್ಲಿ ಅದೇ. ಒಳಗೆ ಕಾಲಿಡಲು ಅರಣ್ಯ ಇಲಾಖೆಯ ಅನುಮತಿ ಬೇಕು.

ಹಳೆಯ ಬಳಕೆದಾರರ ಗಮನಕ್ಕೆ: ಬರಗಾಲದ ವರ್ಷಗಳಲ್ಲಿ ಒಣಗಿದ ಕೆರೆಯಂಗಳ ದಾಟುತ್ತಿದ್ದ ಒಳದಾರಿಗಳನ್ನು ನಂಬಬೇಡಿ. ತುಂಗಭದ್ರೆಯಿಂದ 57 ಕೆರೆ ತುಂಬಿಸುವ ಯೋಜನೆ ಬಂದಿದೆ. ನಿಮ್ಮ ದಾರಿ ಮುಳುಗಿದ್ದರೆ ಸಂತೋಷಪಡಿ, ಸುತ್ತಿಕೊಂಡು ಹೋಗಿ.

ದೋಷ ನಿವಾರಣೆ

ತೊಂದರೆ: ದಾರಿ ಎರಡಾಗಿ ಒಡೆದಿದೆ.
ಪರಿಹಾರ: ಎಮ್ಮೆ ಸಗಣಿ ಹೆಚ್ಚಿರುವುದು ಊರಿಗೆ ಹೋಗುತ್ತದೆ.

ತೊಂದರೆ: ನಾಯಿ ಬೊಗಳುತ್ತಿದೆ.
ಪರಿಹಾರ: ನೀವು ಸರಿಯಾದ ದಾರಿಯಲ್ಲಿದ್ದೀರಿ; ಮನೆ ಹತ್ತಿರವಿದೆ. ಓಡಬೇಡಿ.

ತೊಂದರೆ: ನಕಾಶೆಯಲ್ಲಿ ದಾರಿ ಇದೆ, ಎದುರಿಗೆ ತಂತಿ ಬೇಲಿ ಇದೆ.
ಪರಿಹಾರ: ಇದು ಈ ಸಾಧನದ ಮೂಲ ದೋಷ, ಸ್ವಲ್ಪ ವಿವರವಾಗಿ ಓದಿ. ಭದ್ರಾ ಕಾಲುವೆಯ ನೀರು, ಆಮೇಲೆ ಬೋರ್‌ವೆಲ್, ಅದರ ಹಿಂದೆ ಅಡಿಕೆಯ ಬೆಲೆ. ಒಂದರ ಬೆನ್ನಿಗೊಂದು ಬಂದವು. ರಾಗಿ, ಜೋಳದ ಹೊಲದ ಬದುವಿನ ಮೇಲೆ ಯಾರು ನಡೆದರೂ ಯಾರಿಗೂ ನಷ್ಟವಿರಲಿಲ್ಲ. ಅಡಿಕೆ ತೋಟದಲ್ಲಿ ಪ್ರತಿ ಅಡಿಗೂ ಬೆಲೆ ಇದೆ, ಕಳ್ಳರ ಭಯವೂ ಇದೆ. ತೋಟದವನು ಕೆಟ್ಟವನಲ್ಲ; ಅವನ ಮನೆಯಲ್ಲೇ ಎರಡು ಬೈಕ್ ಇವೆ, ಆ ದಾರಿಯಲ್ಲಿ ಅವನೇ ನಡೆದು ವರ್ಷಗಳಾಗಿವೆ. ಯಾರೂ ಬರದ ಜಾಗಕ್ಕೆ ಬೇಲಿ ಹಾಕಿದ್ದು ಅವನಿಗೆ ತಪ್ಪೆಂದು ಅನ್ನಿಸಿಯೇ ಇಲ್ಲ. ಮುಂದೊಂದು ದಿನ ಹಿಂದಿನ ಹೊಲದವನಿಗೆ ಟ್ರ್ಯಾಕ್ಟರ್ ಒಯ್ಯಬೇಕಾಗುತ್ತದೆ. ಆಗ ‘ನಕಾಶೆ ಕಂಡ ದಾರಿ’ ಎಂಬ ಮಾತು ಎದ್ದು, ಅಣ್ಣತಮ್ಮಂದಿರು ತಹಸೀಲ್ದಾರರ ಮುಂದೆ ನಿಲ್ಲುತ್ತಾರೆ. ಬೇಲಿ ಹಾರಬೇಡಿ, ಕತ್ತರಿಸಬೇಡಿ, ಝಟಕಾ ಇರಬಹುದು. ತೋಟದವನನ್ನು ಕೂಗಿ, “ಇಲ್ಲೊಂದು ದಾರಿ ಇತ್ತಲ್ಲ?” ಎಂದು ಕೇಳಿ. ಹತ್ತರಲ್ಲಿ ಒಂಬತ್ತು ಸಲ ಗೇಟು ತೆಗೆದು, ಎಳನೀರು ಕೊಟ್ಟು, ಆಚೆ ಬಿಟ್ಟು ಬರುತ್ತಾನೆ. ಹತ್ತನೇ ಸಲ ಸುತ್ತಿಕೊಂಡು ಹೋಗಿ.

ನಿರ್ವಹಣೆ ಮತ್ತು ವಾರಂಟಿ

ಈ ಸಾಧನಕ್ಕೆ ಎಣ್ಣೆ, ಬ್ಯಾಟರಿ, ಸರ್ವಿಸ್ ಬೇಡ. ಬಳಕೆಯೇ ಇದರ ನಿರ್ವಹಣೆ. ವರ್ಷಕ್ಕೊಮ್ಮೆಯಾದರೂ, ಸಾಧ್ಯವಾದರೆ ಜಾತ್ರೆಯ ದಿನ, ನಿಮ್ಮ ಊರಿನ ಒಂದು ಚುಕ್ಕಿ ಗೆರೆಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆಯಿರಿ. ನಾಲ್ಕು ಜನ ನೋಡುವಂತೆ ನಡೆಯಿರಿ. ಸಾಕ್ಷಿಯಿಲ್ಲದ ನಡಿಗೆ ಆರೋಗ್ಯಕ್ಕೆ ಒಳ್ಳೆಯದು, ದಾರಿಗೆ ಪ್ರಯೋಜನವಿಲ್ಲ. ಮಕ್ಕಳನ್ನು ಕರೆದೊಯ್ಯಿರಿ. ನಾಳೆ “ಇಲ್ಲಿ ದಾರಿ ಇತ್ತು” ಎಂದು ಹೇಳಲು ಕಟ್ಟೆಯ ಮೇಲೆ ಯಾರಾದರೂ ಬೇಕಲ್ಲ.

ಕೋಟೆಗೆ ಸ್ಮಾರಕವೆಂಬ ಫಲಕವಿದೆ, ಕೊಂಡುಕುರಿಗೆ ಅಧಿಸೂಚನೆ ಇದೆ, ಮಠಗಳಿಗೆ ಭಕ್ತರಿದ್ದಾರೆ. ಇವುಗಳನ್ನು ಒಂದಕ್ಕೊಂದು ಜೋಡಿಸಿದ್ದ ಕಾಲುದಾರಿಗೆ ಮಾತ್ರ ಯಾವ ಇಲಾಖೆಯೂ ಇಲ್ಲ. ಆದ್ದರಿಂದ ಈ ಕೆಳಗಿನ ಷರತ್ತನ್ನು ಎರಡು ಸಲ ಓದಿ ಒಪ್ಪಿಕೊಳ್ಳತಕ್ಕದ್ದು: ಸತತ ಮೂರು ವರ್ಷ ನಡೆಯದ ದಾರಿಗೆ ವಾರಂಟಿ ರದ್ದಾಗುತ್ತದೆ, ಬದಲಿ ದಾರಿ ಕೊಡಲಾಗುವುದಿಲ್ಲ, ದೂರುಗಳನ್ನು ತಹಸೀಲ್ದಾರರ ಕಚೇರಿಗೆ ಖುದ್ದಾಗಿ, ನಡೆದುಕೊಂಡೇ ಹೋಗಿ ಸಲ್ಲಿಸಬೇಕು.